ಸರಿದ ಗೆರೆಗಳು, ನಿಂತ ಲೆಕ್ಕ

2026ರ ಜನವರಿ 15ರಂದು ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿಯ ಮತಗಟ್ಟೆಗಳಿಂದ ಹೊರಬಂದ ಹಿರಿಯರ ಮುಖದಲ್ಲಿ ಒಂದು ಬಗೆಯ ಗಲಿಬಿಲಿ ಇತ್ತು. ಒಬ್ಬ ಮತದಾರ, ನಾಲ್ಕು ಮತ. ಅ, ಬ, ಕ, ಡ ಎಂಬ ನಾಲ್ಕು ಸ್ಥಾನ. ನಾಲ್ಕನ್ನೂ ಒತ್ತಿದ ಮೇಲೆಯೇ ಯಂತ್ರದ ಸದ್ದು. ಥಾಣೆಯವರು 2017ರಲ್ಲೇ ಇದನ್ನು ಕಂಡಿದ್ದರು. ಡೊಂಬಿವಲಿಯ ರೈಲ್ವೆ ಹಳಿಯ ಪೂರ್ವ-ಪಶ್ಚಿಮಗಳಲ್ಲಿ, ವಾಶಿ-ನೆರೂಳಿನ ಸೆಕ್ಟರುಗಳಲ್ಲಿ ಬಾಳುವವರಿಗೆ ಇದು ಹೊಸತು. ‘ಹಾಗಾದರೆ ನಮ್ಮ ನಗರಸೇವಕ ಯಾರು, ನಾಲ್ವರೂನಾ?’ ಎಂಬ ಪ್ರಶ್ನೆ ಅಂದು ನಮ್ಮ ಕನ್ನಡಿಗರ ಎಷ್ಟು ಮನೆಗಳಲ್ಲಿ ಏಳಲಿಲ್ಲ!

ಆ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿದ್ದ ಕಾಲವನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದಕ್ಕೂ ಹಿಂದೆ, ಉತ್ತರವೇ ಇಲ್ಲದ ಕಾಲವನ್ನು ಕಂಡವರೂ ಇದ್ದಾರೆ. ಥಾಣೆಗೆ ಮಹಾನಗರಪಾಲಿಕೆ ಬಂದದ್ದು 1982ರ ಅಕ್ಟೋಬರಿನಲ್ಲಿ. ಚುನಾವಣೆ ನಡೆದು ಸತೀಶ್ ಪ್ರಧಾನ್ ಮೊದಲ ಮಹಾಪೌರರಾಗಲು 1986 ಬರಬೇಕಾಯಿತು. ಕಲ್ಯಾಣದ ಕಥೆ ಇನ್ನೂ ಉದ್ದ. 1983ರಲ್ಲಿ ಡೊಂಬಿವಲಿ, ಅಂಬರ್‌ನಾಥ್, ಬದಲಾಪುರಗಳ ಜೊತೆಗೆ ಸುತ್ತಲಿನ ಹಳ್ಳಿಗಳನ್ನೂ ಒಂದೇ ಸೆರಗಿಗೆ ಕಟ್ಟಿ ಪಾಲಿಕೆ ಮಾಡಿದರು. ಅಂಬರ್‌ನಾಥ್, ಬದಲಾಪುರಗಳು 1992ರಲ್ಲಿ ಗಂಟು ಬಿಚ್ಚಿಕೊಂಡು ಹೋದವು. ಚುನಾವಣೆ ಮಾತ್ರ 1995ರವರೆಗೆ ಬರಲಿಲ್ಲ. ಹನ್ನೆರಡು ವರ್ಷ ಆಡಳಿತಾಧಿಕಾರಿಯ ಸಹಿಯೇ ಊರಿನ ದನಿ. ಸಿಡ್ಕೋ ಕಟ್ಟಿದ ನವಿಮುಂಬಯಿಗೆ ಪಾಲಿಕೆ ದೊರೆತದ್ದು 1992ರ ಜನವರಿಯಲ್ಲಿ, ಮತಪೆಟ್ಟಿಗೆ ಅದೇ 1995ರಲ್ಲಿ. ಸಂವಿಧಾನದ 74ನೇ ತಿದ್ದುಪಡಿ ಆಗ ಹೊಸದಾಗಿ ಬಂದಿತ್ತು. ಐದು ವರ್ಷಕ್ಕೊಮ್ಮೆ ಚುನಾವಣೆ ತಪ್ಪದು, ಪಾಲಿಕೆ ಇನ್ನು ಯಾರ ಕೃಪೆಯಲ್ಲೂ ಇರದು ಎಂದು ಅದು ಕೊಟ್ಟ ಭರವಸೆಯನ್ನು ನಂಬಿದವರಲ್ಲಿ ನಾವೂ ಸೇರಿದ್ದೆವು.

ಅಂದಿನ ಪ್ರಭಾಗ, ಎಂದರೆ ವಾರ್ಡು, ನಡೆದು ಸುತ್ತಬಹುದಾದಷ್ಟು ಚಿಕ್ಕದು. ಮುಂಬಯಿಯ ಬಾಡಿಗೆ ತಾಳಲಾರದೆ ಡೊಂಬಿವಲಿಯಲ್ಲಿ ಖೋಲಿ ಹಿಡಿದ ಬ್ಯಾಂಕಿನವರು, ಹೋಟೆಲಿನವರು, ಗಿರಣಿಯವರು ಮೊದಲು ಕಲಿತ ಮರಾಠಿ ಮಾತುಗಳಲ್ಲಿ ‘ನಗರಸೇವಕ’ವೂ ಒಂದು. ನಲ್ಲಿಯಲ್ಲಿ ನೀರು ಬರದಿದ್ದರೆ, ಚಾಳಿನ ಗಟಾರ ಕಟ್ಟಿದರೆ, ಮಗುವಿನ ಶಾಲೆಗೆ ರಹಿವಾಸಿ ದಾಖಲೆ ಬೇಕಾದರೆ ಬೆಳಗಿನ ಲೋಕಲ್ ಹಿಡಿಯುವ ಮುನ್ನ ಅವನ ಮನೆ ಬಾಗಿಲು ತಟ್ಟಿದರಾಯಿತು. ಅವನು ಒಳ್ಳೆಯವನೇ ಇರುತ್ತಿದ್ದನೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಕೆಲಸ ಕೆಟ್ಟರೆ ಯಾರನ್ನು ಬೈಯಬೇಕೆಂಬುದು ಗೊತ್ತಿತ್ತು.

ಮುಂದಿನದು ಗೆರೆಗಳ ಕಥೆ. ಮಹಾರಾಷ್ಟ್ರದಲ್ಲಿ ಮುಂಬಯಿಯೊಂದನ್ನು ಬಿಟ್ಟರೆ ಉಳಿದ ಪಾಲಿಕೆಗಳಲ್ಲಿ ಪ್ರಭಾಗಕ್ಕೆ ಎಷ್ಟು ಸದಸ್ಯರೆಂಬುದು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತ ಬಂದಿದೆ: 2002ರಲ್ಲಿ ಮೂವರು, 2007ರಲ್ಲಿ ಒಬ್ಬ, 2012ರಲ್ಲಿ ಇಬ್ಬರು, 2017ರಲ್ಲಿ ನಾಲ್ವರು. ಹೀಗೆ ಒಂದೇ ಮನೆಯಲ್ಲಿದ್ದೂ ಥಾಣೆಯ ಮತದಾರ ನಾಲ್ಕು ಬಾರಿ ನಾಲ್ಕು ಬಗೆಯಲ್ಲಿ ಮತ ಹಾಕಿದ. ಚುನಾವಣೆಯ ವರ್ಷ ಬೇರೆಯಾದ್ದರಿಂದ ಕಲ್ಯಾಣ್-ಡೊಂಬಿವಲಿಯ 122, ನವಿಮುಂಬಯಿಯ 111 ಪ್ರಭಾಗಗಳು 2015ರವರೆಗೂ ಏಕಸದಸ್ಯವಾಗಿಯೇ ಉಳಿದವು. ಕಾಗದದ ಮೇಲೆ ಗೆರೆ ಎಳೆಯುವ ನಿಯಮ ಬಲು ಅಚ್ಚುಕಟ್ಟು. ಉತ್ತರದಲ್ಲಿ ಶುರುವಾಗಿ ದಕ್ಷಿಣದಲ್ಲಿ ಮುಗಿಯಬೇಕು. ನದಿ, ನಾಲೆ, ಹೆದ್ದಾರಿ, ರೈಲುಹಳಿ ದಾಟಬಾರದು. ಜನಸಂಖ್ಯೆ ಸರಾಸರಿಗಿಂತ ಶೇ. 10ರಷ್ಟು ಮಾತ್ರ ಆಚೀಚೆ ಆಗಬಹುದು. ಕರಡು ಹೊರಬೀಳುತ್ತದೆ, ‘ಹರಕತಿ-ಸೂಚನಾ’ಗಳಿಗೆ, ಎಂದರೆ ಆಕ್ಷೇಪ-ಸಲಹೆಗಳಿಗೆ, ದಿನ ಕೊಡುತ್ತಾರೆ, ವಿಚಾರಣೆ ನಡೆಯುತ್ತದೆ. ಇಷ್ಟೆಲ್ಲ ಆದಮೇಲೂ ಒಂದು ಸೊಸೈಟಿಯ ಎರಡು ಕಟ್ಟಡ ಎರಡು ಪ್ರಭಾಗಕ್ಕೆ ಬಿದ್ದಾಗ ಜನ ನಿಯಮ ಪುಸ್ತಕ ತೆರೆಯುವುದಿಲ್ಲ. ಇದರಿಂದ ಯಾರಿಗೆ ಲಾಭ ಎಂದು ಕೇಳುತ್ತಾರೆ.

ಪ್ರಭಾಗದ ಗೆರೆ ಹೋಗಲಿ, ಊರಿನ ಗೆರೆಯೇ ಇಲ್ಲಿ ನಿಂತಲ್ಲಿ ನಿಂತಿಲ್ಲ. ಡೊಂಬಿವಲಿಯಂಚಿನ 27 ಹಳ್ಳಿಗಳನ್ನು ನೆನೆದರೆ ಸಾಕು. 1983ರಲ್ಲಿ ಪಾಲಿಕೆಗೆ ಸೇರಿಸಿದರು, 2002ರಲ್ಲಿ ಬಿಟ್ಟರು, 2015ರ ಜೂನ್‌ನಲ್ಲಿ ಮತ್ತೆ ಸೇರಿಸಿದರು. ಹಳ್ಳಿಯವರು ತಮಗೆ ಪ್ರತ್ಯೇಕ ನಗರಪಾಲಿಕೆ ಬೇಕೆಂದು ಸಂಘರ್ಷ ಸಮಿತಿ ಕಟ್ಟಿಕೊಂಡು ಕುಳಿತರು. ಅದೇ ವರ್ಷದ ಚುನಾವಣೆಯ ಹೊಸ್ತಿಲಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಕಲ್ಯಾಣ್-ಡೊಂಬಿವಲಿಗೆ 6,500 ಕೋಟಿ ರೂಪಾಯಿಯ ಪ್ಯಾಕೇಜು ಘೋಷಿಸಿದರು. ಆ ಅಂಕಿ ಇಂದಿಗೂ ಡೊಂಬಿವಲಿಯ ಚಹಾ ಅಂಗಡಿಗಳಲ್ಲಿ ನಗೆಯಾಡುವ ಮಾತಾಗಿ ಉಳಿದಿದೆ. 2020ರಲ್ಲಿ 18 ಹಳ್ಳಿಗಳನ್ನು ಮತ್ತೆ ಹೊರಗಿಟ್ಟರು; ವರ್ಷಾಂತ್ಯಕ್ಕೆ ಮುಂಬಯಿ ಹೈಕೋರ್ಟು ಅದನ್ನು ರದ್ದುಗೊಳಿಸಿತು. ಅಷ್ಟರಲ್ಲಿ ಆ ಹಳ್ಳಿಗಳಲ್ಲೊಂದಾದ ನೀಳಜೆಯ ಕಡೆ ಗದ್ದೆಯಿದ್ದಲ್ಲಿ ಪಲಾವಾ ಬಡಾವಣೆಯ ಗೋಪುರಗಳು ಎದ್ದು, ‘ಹಳ್ಳಿ’ ಎಂಬ ಮಾತೇ ಹಳತಾಗಿತ್ತು. ನವಿಮುಂಬಯಿಗೂ ಇಂಥದೇ ಒಂದು ನೆನಪಿದೆ. ಶಿಳಫಾಟಾದಾಚೆಯ 14 ಹಳ್ಳಿಗಳು 2007ರಲ್ಲಿ ಹೊರಹೋದವು, ಈಚೆಗೆ ಮರಳಿ ಬಂದವು. ಹೋಗುವಾಗಲೂ ಬರುವಾಗಲೂ ಕಾರಣಗಳಿಗೇನೂ ಬರವಿರಲಿಲ್ಲ, ನೀರಿಗೆ ಇತ್ತು.

ಇನ್ನು 2020. ನವಿಮುಂಬಯಿಯ ಚುನಾವಣೆ ಇನ್ನೇನು ಬಂತು ಎನ್ನುವಾಗ ಕೋವಿಡ್ ಬಂತು. ಮೇ ತಿಂಗಳಲ್ಲಿ ಅಲ್ಲಿಯ, ನವೆಂಬರಿನಲ್ಲಿ ಕಲ್ಯಾಣ್-ಡೊಂಬಿವಲಿಯ, 2022ರ ಮಾರ್ಚಿನಲ್ಲಿ ಥಾಣೆಯ ಅವಧಿ ಮುಗಿಯಿತು. ಕೋವಿಡ್ ಹೋಯಿತು, ಚುನಾವಣೆ ಬರಲಿಲ್ಲ. ಆಗಿನ ಮಹಾವಿಕಾಸ್ ಆಘಾಡಿ ಸರ್ಕಾರ ಮೊದಲು ಏಕಸದಸ್ಯ ಪದ್ಧತಿಗೆ ಮರಳಿತು; 2021ರಲ್ಲಿ ಮನಸ್ಸು ಬದಲಿಸಿ ಮೂವರು ಎಂದಿತು; ಸ್ಥಾನಗಳನ್ನೂ ಏರಿಸಿತು: ಥಾಣೆಗೆ 142, ಕಲ್ಯಾಣ್-ಡೊಂಬಿವಲಿಗೆ 133, ನವಿಮುಂಬಯಿಗೆ 122. ಒಬಿಸಿ ಮೀಸಲಾತಿಯ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದ್ದಾಗಲೇ, 2022ರಲ್ಲಿ, ಗೆರೆ ಎಳೆಯುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಸರ್ಕಾರವೇ ಕಾನೂನು ಮಾಡಿ ತೆಗೆದುಕೊಂಡಿತು. ನಮ್ಮ ದೃಷ್ಟಿಯಲ್ಲಿ ಈ ನಲವತ್ತು ವರ್ಷಗಳ ದೊಡ್ಡ ನಷ್ಟ ಅದು. ಸದ್ದಿಲ್ಲದೆ ಆದ ನಷ್ಟವೂ ಹೌದು. ಕೆಲವೇ ತಿಂಗಳಲ್ಲಿ ಏಕನಾಥ್ ಶಿಂಧೆಯವರ ಸರ್ಕಾರ ಬಂದು ಆ ನಕ್ಷೆಗಳನ್ನೆಲ್ಲ ಸುತ್ತಿಟ್ಟು 2017ರ ಲೆಕ್ಕಕ್ಕೇ ಹೋಯಿತು. ಕೊನೆಗೆ 2025ರ ಮೇ 6ರಂದು ಸುಪ್ರೀಂ ಕೋರ್ಟು ಗದರಿದ ಮೇಲೆ ಚುನಾವಣೆಗೆ ದಾರಿಯಾಯಿತು: ಥಾಣೆಗೆ 33 ಪ್ರಭಾಗ, ಕಲ್ಯಾಣ್-ಡೊಂಬಿವಲಿಗೆ 31, ನವಿಮುಂಬಯಿಗೆ 28. ಮತದಾನದ ಹೊತ್ತಿಗೆ ನವಿಮುಂಬಯಿ, ಕಲ್ಯಾಣ್-ಡೊಂಬಿವಲಿಗಳೆರಡೂ ಒಂದು ಪೂರ್ಣಾವಧಿಗಿಂತ ಹೆಚ್ಚು ಕಾಲ ಪ್ರತಿನಿಧಿಗಳಿಲ್ಲದೆ ಕಳೆದಿದ್ದವು. ಬೆಂಗಳೂರಿನ ಬಂಧುಗಳು ಇದನ್ನು ಓದಿ ನಗಬೇಕಿಲ್ಲ. ಅಲ್ಲಿಯ ಪಾಲಿಕೆಯ ಅವಧಿಯೂ 2020ರ ಸೆಪ್ಟೆಂಬರಿನಲ್ಲೇ ಮುಗಿದದ್ದು. 198 ವಾರ್ಡು 243 ಆಗಿ, 225 ಆಗಿ, ಪಾಲಿಕೆಯೇ ಐದು ಹೋಳಾಯಿತು.

ಗಳಿಸಿದ್ದೇನೂ ಇಲ್ಲವೆನ್ನುವುದು ಅನ್ಯಾಯ. ಥಾಣೆಯ 131ರಲ್ಲಿ 66, ಕಲ್ಯಾಣ್-ಡೊಂಬಿವಲಿಯ 122ರಲ್ಲಿ 61 ಸ್ಥಾನ ಇಂದು ಮಹಿಳೆಯರದು. 1986ರ ಥಾಣೆಯಲ್ಲಿ ಇದನ್ನು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ‘ಗಂಡನ ಫೋಟೋ ದೊಡ್ಡದು, ಹೆಂಡತಿಯದು ಚಿಕ್ಕದು’ ಎಂಬ ಬ್ಯಾನರುಗಳು ಇನ್ನೂ ತೂಗುತ್ತವೆ. ಆದರೆ ಸಭಾಗೃಹದಲ್ಲಿ ನೀರಿನ ಬಗ್ಗೆ ಎದ್ದು ಕೇಳುವವರಲ್ಲಿ ಕೊಡ ಹೊತ್ತು ಗೊತ್ತಿರುವವರು ಸೇರಿದ್ದು ಸಣ್ಣ ಮಾತಲ್ಲ. ನಾಲ್ವರ ಪ್ಯಾನೆಲಿನಲ್ಲಿ ಒಂದು ಟಿಕೇಟನ್ನಾದರೂ ಭಾಷಾ ಅಲ್ಪಸಂಖ್ಯಾತರಿಗೆ ಕೊಡಲು ಪಕ್ಷಗಳಿಗೆ ಅನುಕೂಲ ಎಂಬ ವಾದ ನಮ್ಮವರಲ್ಲೂ ಇದೆ. ಇರಬಹುದು. ಆದರೆ ನಾವು ಗುಂಪಾಗಿ ನೆಲೆಸಿದವರಲ್ಲ. ಕನ್ನಡ ಸಂಘದ ಕಟ್ಟಡದ ಸುತ್ತ, ಮಂಜುನಾಥ ವಿದ್ಯಾಲಯದಂಥ ಶಾಲೆಯ ಸುತ್ತ, ಸ್ಟೇಷನ್ ರಸ್ತೆಯ ಹೋಟೆಲುಗಳ ಸುತ್ತ ಚೆದುರಿದ ಕೆಲವು ನೂರು ಮನೆಗಳು. ಹನ್ನೆರಡು ಸಾವಿರದ ಪ್ರಭಾಗದಲ್ಲಿ ಆ ಮನೆಗಳ ಬಳಿ ಅಭ್ಯರ್ಥಿ ಖುದ್ದು ಬಂದು ನಿಲ್ಲುತ್ತಿದ್ದ. ಐವತ್ತು ಸಾವಿರದ ಪ್ರಭಾಗದಲ್ಲಿ ಪಕ್ಷದ ಚಿಹ್ನೆ ಮಾತ್ರ ಬರುತ್ತದೆ. ಕಲ್ಯಾಣ್-ಡೊಂಬಿವಲಿಯಲ್ಲಂತೂ ಈ ಸಲ ಸುಮಾರು ಇಪ್ಪತ್ತು ಸ್ಥಾನಗಳಿಗೆ ಎದುರಾಳಿಯೇ ಉಳಿಯಲಿಲ್ಲ. ಐದು ವರ್ಷ ಕಾದ ಮತದಾರ ಅಲ್ಲಿ ಆ ಗುಂಡಿಯನ್ನು ಒತ್ತಲೂ ಇಲ್ಲ.

ಇಷ್ಟೆಲ್ಲ ಗೆರೆ ಎಳೆದದ್ದು ಯಾವ ಲೆಕ್ಕದ ಮೇಲೆ? 2011ರ ಜನಗಣತಿಯ ಮೇಲೆ. ಥಾಣೆ 18.41 ಲಕ್ಷ, ನವಿಮುಂಬಯಿ 11.20 ಲಕ್ಷ, 27 ಹಳ್ಳಿ ಸೇರಿಸಿದರೆ ಕಲ್ಯಾಣ್-ಡೊಂಬಿವಲಿ 15 ಲಕ್ಷಕ್ಕೆ ತುಸು ಮೇಲೆ. ಘೋಡ್‌ಬಂದರ್ ರಸ್ತೆಯ ಗೋಪುರಗಳು, ದಿವಾದ ಒತ್ತೊತ್ತಾದ ಚಾಳುಗಳು, ಪಲಾವಾ — ಇವುಗಳಲ್ಲಿ ಬಹುಪಾಲು ಆ ಲೆಕ್ಕದ ನಂತರ ತುಂಬಿದವು. ಅಲ್ಲಿಯವರು ಮತದಾರರ ಪಟ್ಟಿಯಲ್ಲಿದ್ದಾರೆ, ಗೆರೆಯ ಗಣಿತದಲ್ಲಿಲ್ಲ. 2021ರಲ್ಲಿ ಆಗಬೇಕಿದ್ದ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಗೆಂದು ನಿಗದಿಯಾಗಿದೆ. ಆ ಅಂಕಿ ಬಂದ ದಿನ ಈಗಿನ ನಕ್ಷೆ ಮತ್ತೆ ಮೇಜಿನ ಮೇಲೆ ಹರಡಿಕೊಳ್ಳುತ್ತದೆ, ಮತ್ತೆ ಹರಕತಿ, ಮತ್ತೆ ಮೀಸಲಾತಿಯ ಚೀಟಿ ಎತ್ತುವ ಸೋಡತ್. ಡೊಂಬಿವಲಿ ಪೂರ್ವದ ಹಲವು ಗಲ್ಲಿಗಳ ಬಾಯಲ್ಲಿ 2015ರ ಪ್ರಭಾಗದ ಸಂಖ್ಯೆ, ಅಂದಿನ ನಗರಸೇವಕನ ಹೆಸರು ಬರೆದ ಫಲಕಗಳು ತುಕ್ಕು ಹಿಡಿದು ಹಾಗೇ ನಿಂತಿವೆ. ದಾರಿ ಕೇಳುವವರಿಗೆ ಜನ ಈಗಲೂ ಅದನ್ನೇ ಗುರುತು ಹೇಳುತ್ತಾರೆ.