ಮಗು ಆಗದಿದ್ದರೆ ಗಂಡನೂ ಬಸ್ ಹತ್ತಲಿ

ಮದುವೆಯಾಗಿ ಎರಡು ವರ್ಷ ಕಳೆದು ತೊಟ್ಟಿಲು ಕಟ್ಟದಿದ್ದರೆ ನಮ್ಮ ಕಡೆ ಮೊದಲು ಬಸ್ ಹತ್ತುವವಳು ಸೊಸೆ. ಕಳಸದಿಂದ ಮೂಡಿಗೆರೆ, ಮೂಡಿಗೆರೆಯಿಂದ ಚಿಕ್ಕಮಗಳೂರು, ಅಲ್ಲೂ ಆಗದಿದ್ದರೆ ಚಾರ್ಮಾಡಿ ಇಳಿದು ಮಂಗಳೂರು. ಜೊತೆಗೆ ಅತ್ತೆ. ಗಂಡ ಎಲ್ಲಿ? ತೋಟದಲ್ಲಿ ಕೆಲಸ ಇದೆಯಂತೆ! ಅಂಗಡಿ ಬಿಟ್ಟು ಬರೋ ಹಾಗಿಲ್ಲವಂತೆ!

ಇದು ಯಾವ ನ್ಯಾಯ ಸ್ವಾಮಿ? ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ ಎಂದು ವೈದ್ಯರೇ ಹೇಳುತ್ತಾರೆ. ಹೆಂಗಸಿಗಾದರೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳಕ್ಕೆ ಔಷಧಿ ಬಿಟ್ಟು ಎಕ್ಸ್‌ರೇ. ನೋವೂ ಉಂಟು, ಖರ್ಚೂ ಉಂಟು. ಗಂಡಸಿಗೆ ಮೊದಲು ಬೇಕಾದ್ದು ವೀರ್ಯ ಪರೀಕ್ಷೆ. ಸೂಜಿಯಿಲ್ಲ, ನೋವಿಲ್ಲ. ಮುಂಚೆ ಎರಡರಿಂದ ಏಳು ದಿನ ಸಂಯಮವಿದ್ದರೆ ಆಯಿತು. "ನನಗೇನಾಗಿದೆ, ಗಟ್ಟಿಮುಟ್ಟಾಗಿದೀನಲ್ಲ" ಅನ್ನುವವರು ತಿಳಿಯಲಿ: ಗಂಡಸುತನ ಬೇರೆ, ವೀರ್ಯಾಣುಗಳ ಎಣಿಕೆ ಬೇರೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1977ರಲ್ಲಿ ಏನಾಯಿತು ಗೊತ್ತೇ? ಬೆಳೆಯ ಬೇರಿಗೆ ಬೀಳುವ ಜಂತುಹುಳುವಿಗೆ ಡಿ.ಬಿ.ಸಿ.ಪಿ. ಎಂಬ ಔಷಧಿ ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು, ತಮಗ್ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ಮಾತಾಡಿಕೊಂಡು ತಾವೇ ಪರೀಕ್ಷೆಗೆ ಹೋದರು. ದೋಷ ಹೆಂಡಂದಿರದ್ದಲ್ಲ, ಆ ಔಷಧಿಯದ್ದು ಎಂದು ಆಗ ಬಯಲಾಯಿತು. ನಮ್ಮ ತೋಟದ ಔಷಧಿಗಳೆಲ್ಲ ಹಾಗೇ ಎಂದು ನಾವು ಹೇಳುತ್ತಿಲ್ಲ. ಆದರೆ ಔಷಧಿ ಹೊಡೆಯುವ ಕೆಲಸದವರು ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಕಾರಣ ತಿಳಿದರೆ ಎಷ್ಟೋ ಸಲ ದಾರಿಯೂ ಸಿಗುತ್ತದೆ. ಕೆಲವರಿಗೆ ಮಾತ್ರೆ, ಕೆಲವರಿಗೆ ಸಣ್ಣ ಆಪರೇಷನ್, ಕೆಲವರಿಗೆ ಬೀಡಿ-ಸಿಗರೇಟು ಬಿಡುವುದು. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಬೇಕು. ಆದ್ದರಿಂದ ಫಲ ನೋಡಲು ಮೂರು ತಿಂಗಳಾದರೂ ಕಾಯಬೇಕು. ವರ್ಷವಾದರೂ ಗರ್ಭ ನಿಲ್ಲದಿದ್ದರೆ ತಪಾಸಣೆಗೆ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಹರಕೆ ಹೊರುವವರು ಹೊರಲಿ, ಪರೀಕ್ಷೆಯೂ ಆಗಲಿ.

ಇನ್ನು ಸರ್ಕಾರದ ಮಾತು. ವೀರ್ಯದ ಮಾದರಿ ಗಂಟೆಯೊಳಗೆ ಲ್ಯಾಬಿಗೆ ಸೇರಬೇಕು. ಕಳಸದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಮೇಲೆ! ಸೀಸೆ ಕಳಿಸಿದರೆ ನಡೆಯದು, ಆಳೇ ಹೋಗಬೇಕು, ದಿನದ ಹಾಜರಿ ಹೋಗುತ್ತದೆ. ಮೂಡಿಗೆರೆಯಲ್ಲೂ ಕಳಸದಲ್ಲೂ ಸರ್ಕಾರಿ ಆಸ್ಪತ್ರೆಯಲ್ಲೇ ವಾರಕ್ಕೊಂದು ದಿನ, ಸಂತೆಯ ದಿನವೇ ಆಗಲಿ, ಗಂಡ-ಹೆಂಡಿರಿಬ್ಬರನ್ನೂ ಒಟ್ಟಿಗೆ ಕೂರಿಸಿ ನೋಡುವ ಏರ್ಪಾಡು ಇರಬೇಕು. ಮರೆಯಾದ ಒಂದು ಕೋಣೆಯೂ ಬೇಕು.

ಹೆಣ್ಣಿಗೆ "ಬಂಜೆ" ಎಂಬ ಹಣೆಪಟ್ಟಿ ಹಚ್ಚಿ ಮಗನಿಗೆ ಎರಡನೇ ಹೆಣ್ಣು ಹುಡುಕುವ ಮನೆಯವರೇ, ಮೊದಲು ಮಗನ ರಿಪೋರ್ಟ್ ತೋರಿಸಿ. ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೇ?