ಅಜ್ಜಿಯ ಒಪ್ಪಿಗೆ ಕೇಳಿದವರಾರು?



ಮಾಯಸಂದ್ರದ ಸುತ್ತಮುತ್ತ ಮಕ್ಕಳು ಬೆಂಗಳೂರು ಸೇರಿ, ಎಷ್ಟೋ ತೋಟದ ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದಿದ್ದಾರೆ. ಹಾಸಿಗೆ ಹಿಡಿದವರಿಗೆ ಏಜೆನ್ಸಿಯಿಂದ ಹೋಂ ನರ್ಸ್ ಬರುತ್ತಾರೆ. ಹಲವರಿಗೆ ತರಬೇತಿಯೇ ಇಲ್ಲ. ಹಗಲೂ ರಾತ್ರಿ ಒಬ್ಬರದೇ ದುಡಿಮೆ. ಅವರನ್ನಷ್ಟೇ ದೂರಿ ಫಲವಿಲ್ಲ.

ನಮ್ಮ ನೆಂಟರ ಮನೆಯಲ್ಲಿ ಅಜ್ಜಿ ಮೂತ್ರದ ಪೈಪು ಕೀಳುತ್ತಾರೆಂದು ಟವೆಲಿನಿಂದ ಕೈಯನ್ನು ಮಂಚಕ್ಕೆ ಕಟ್ಟಿದ್ದರು. ಹೂಂ ಅಂದವನು ಫೋನಿನಲ್ಲಿದ್ದ ಮಗ. ಅಜ್ಜಿಗೆ ನೆನಪು, ತಿಳಿವಳಿಕೆ ಎರಡೂ ಚೆನ್ನಾಗಿದ್ದವು. ಉರಿಯುತ್ತದೆ ಎಂದು ಹೇಳುತ್ತಲೇ ಇದ್ದರು. ರಾತ್ರಿ ಬಟ್ಟೆ ಬದಲಿಸಬೇಕಾದೀತೆಂದು ಸಂಜೆಯ ಮೇಲೆ ನೀರೇ ಕೊಡದ ಮನೆಗಳೂ ಇವೆ.

ಹಿರಿಯರ ಮಾತಿಗೆ ಬೆಲೆ ಕೊಡುವ ದಾರಿ ಕಾನೂನಿನಲ್ಲಿ ಇಲ್ಲದೇ ಇಲ್ಲ. ಗುಣವಾಗದ ಸ್ಥಿತಿಯಲ್ಲಿ ಚಿಕಿತ್ಸೆ ಎಲ್ಲಿಗೆ ನಿಲ್ಲಬೇಕೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿತು. 2023ರಲ್ಲಿ ನಿಯಮ ಸಡಿಲಿಸಿ, ಇಬ್ಬರು ಸಾಕ್ಷಿಗಳಿದ್ದು ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ದೃಢೀಕರಿಸಿದರೆ ಸಾಕೆಂದಿತು. ರಾಜ್ಯ ಸರ್ಕಾರವೂ ಇದರ ಜಾರಿಗೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ತೋಟದ ವಿಭಾಗಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲು ನೋಂದಣಿ ಕಚೇರಿಗೆ ಅಲೆಯುವ ನಾವು, ಚಿಕಿತ್ಸೆಯ ಈ ಕಾಗದದ ಮಾತನ್ನೇ ಹಿರಿಯರ ಹತ್ತಿರ ಎತ್ತುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದವರಾದರೂ ತಿಳಿಸಿಕೊಡಲಿ. ಏಜೆನ್ಸಿಗಳು ಕಳಿಸುವವರ ತರಬೇತಿಯನ್ನು ಆರೋಗ್ಯ ಇಲಾಖೆ ಪರಿಶೀಲಿಸಲಿ. ಕಟ್ಟಿಹಾಕಿದ್ದು, ಹೊಡೆದದ್ದು ಕಂಡ ಅಕ್ಕಪಕ್ಕದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

– ಒಬ್ಬ ತೆಂಗು ಬೆಳೆಗಾರ, ಮಾಯಸಂದ್ರ, ತುರುವೇಕೆರೆ ತಾಲ್ಲೂಕು