ತಪ್ಪು ವಿದ್ಯಾರ್ಥಿಗಳದ್ದಲ್ಲ

ಅರಬ್ ವಿದ್ಯಾರ್ಥಿಗಳು ಜಾಲದಲ್ಲಿ ಇಂಗ್ಲಿಷಿನಲ್ಲೇ ಹುಡುಕುವುದು ಭಾಷಾಭಿಮಾನದ ಕೊರತೆ ಎಂದು ನಾನು ಓದಿದ ಲೇಖನವೊಂದರ ಲೇಖಕರು ಕೊಟ್ಟ ತೀರ್ಪನ್ನು ಒಪ್ಪುವುದಿಲ್ಲ. ಕೈರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪಾಠ ನಡೆಯುವುದೇ ಇಂಗ್ಲಿಷಿನಲ್ಲಿ. ಅಲ್ಲಿನ ಹುಡುಗಿ ರೋಗದ ಹೆಸರನ್ನು ಅರಬ್ಬಿಯಲ್ಲಿ ಏಕೆ ಟೈಪ್ ಮಾಡಿಯಾಳು? ಅರಬ್ಬಿಯಲ್ಲೇ ವೈದ್ಯಕೀಯ ಕಲಿಸುವ ಡಮಾಸ್ಕಸ್ ವಿಶ್ವವಿದ್ಯಾಲಯದ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ.

ಇನ್ನು ಅರಬ್ಬಿಯಲ್ಲಿ ಹುಡುಕುವ ತೊಡಕು ನೋಡಿ. ‘ಕಿತಾಬ್’ (ಪುಸ್ತಕ) ಬಹುವಚನದಲ್ಲಿ ‘ಕುತುಬ್’ ಆಗುತ್ತದೆ. ‘ಅಲ್’, ‘ವ’, ‘ಬಿ’ ಎಂಬ ಪುಟ್ಟ ಪದಗಳು ಮುಂದಿನ ಪದಕ್ಕೇ ಅಂಟಿಕೊಳ್ಳುತ್ತವೆ. ಅಲಿಫ್ ಅಕ್ಷರದ ಮೇಲಿನ ಹಂಝಾ ಚಿಹ್ನೆಯನ್ನು ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಗೂಗಲ್ ಇದನ್ನು ಎಷ್ಟೋ ಮಟ್ಟಿಗೆ ಸಂಭಾಳಿಸುತ್ತದೆ. ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಪುಸ್ತಕ ತೋರಿಸುವ ಗ್ರಂಥಾಲಯದ ಕ್ಯಾಟಲಾಗು ಸಂಭಾಳಿಸುವುದಿಲ್ಲ. ಅರಬ್ಬಿಯಲ್ಲಿ ಸಂಶೋಧನೆ ಪ್ರಕಟಿಸಿ, ಅದು ಸುಲಭವಾಗಿ ಸಿಗುವಂತೆ ಮಾಡಬೇಕಾದ್ದು ವಿಶ್ವವಿದ್ಯಾಲಯಗಳ ಕೆಲಸ. ಲೇಖಕರು ಪ್ರಶ್ನೆ ಕೇಳಬೇಕಿದ್ದುದು ಅವುಗಳ ಆಡಳಿತವನ್ನು, ಇಪ್ಪತ್ತರ ಹುಡುಗರನ್ನಲ್ಲ.